ಸೂರ್ಯನ ಗ್ರಾನ್ಯೂಲ್‌ಗೆ ಕನ್ನಡದಲ್ಲಿ ಏನನ್ನೋಣ? ಬೋರ್ಡು ನಾಳೆ ಬರೆಸಬೇಕು

ಸು. ಬರೆದದ್ದು:
ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ ನಮ್ಮೂರ ಹೈಸ್ಕೂಲ್ ಮೈದಾನದಲ್ಲಿ ಮಕ್ಕಳಿಗೆ ಸೂರ್ಯನನ್ನು ತೋರಿಸುತ್ತೇವೆ. ಎರಡು ಟೆಲಿಸ್ಕೋಪು. ಒಂದು ನಾಲ್ಕಿಂಚಿನದು, ಮುಂದೆ ಬಿಳಿಬೆಳಕಿನ ಫಿಲ್ಟರು. ಬಂದ ಬೆಳಕಿನಲ್ಲಿ ಲಕ್ಷಕ್ಕೊಂದು ಪಾಲನ್ನು ಮಾತ್ರ ಒಳಗೆ ಬಿಡುತ್ತದೆ. ಇನ್ನೊಂದು ಪುಟ್ಟ ಎಚ್-ಆಲ್ಫಾ, ಹೈಡ್ರೋಜನ್‌ನ 656.28 ನ್ಯಾನೋಮೀಟರಿನ ಕೆಂಪನ್ನಷ್ಟೇ ತೋರಿಸುವಂಥದ್ದು. ಪಕ್ಕದಲ್ಲಿ ಒಂದೊಂದು ಬೋರ್ಡು. ಸೂರ್ಯನ ಮೇಲಿನ ಕಪ್ಪು ಚುಕ್ಕೆಗೆ 'ಸೌರಕಲೆ' ಸರಿ. ಸೂರ್ಯನ ಮೈತುಂಬ ಕಾಳಿನಂತೆ ಕಾಣುವ ಗ್ರಾನ್ಯೂಲ್, ಫಿಲಮೆಂಟ್, ಪ್ರಾಮಿನೆನ್ಸ್, ಕಲೆಯ ನಡುವಿನ ಅಂಬ್ರಾ, ಅದರ ಸುತ್ತಲಿನ ಪೆನಂಬ್ರಾ – ಇವಕ್ಕೆ ಏನು ಬರೆಸಲಿ? ಎಂಟನೇ ಕ್ಲಾಸಿನವರಿಗೆ ಅರ್ಥವಾಗಬೇಕು. ಪೇಂಟರ್ ನಾಳೆ ಮಧ್ಯಾಹ್ನ ಬರುತ್ತಾನೆ.

ರಾ. ಬರೆದದ್ದು:
ಗ್ರಾನ್ಯೂಲ್‌ಗೆ 'ಮರಳು'. ಬೇರೆ ಹುಡುಕುವುದೇ ಬೇಡ. ಎಸರು ಮರಳುತ್ತದೆ ಅಂತೀವಲ್ಲ, ಅದೇ. ಬಿಸಿ ಅನಿಲ ನಡುವಿನಲ್ಲಿ ಮೇಲೆದ್ದು, ತಣ್ಣಗಾಗಿ, ಸುತ್ತಲಿನ ಕಪ್ಪು ಗೆರೆಗಳಲ್ಲಿ ಕೆಳಗಿಳಿಯುತ್ತದೆ. ಹತ್ತು ನಿಮಿಷ ಆಗುವಷ್ಟರಲ್ಲಿ ಹಳೆಯದು ಹೋಗಿ ಹೊಸದು ಬಂದಿರುತ್ತದೆ. ಕಾಣುವುದು ಮರಳಿನ ಹಾಗೆ, ಆಗುವುದು ಮರಳುವುದು. ಎರಡೂ ಒಂದೇ ಬೇರಿನವು ಅಂತ ನನ್ನ ನಂಬಿಕೆ. 'ಮರಳಿ ಬಾ' ಅನ್ನುವ ಮರಳೂ ಅದೇ. ಕುದಿಯುವ ನೀರು ಮೇಲೆ ಹೋಗಿ ಮರಳುತ್ತದೆ, ಅಲ್ವಾ?

ಗೋ. ಬರೆದದ್ದು:
ಅಲ್ಲ. ಸದ್ದು ಒಂದಾದರೆ ಬೇರು ಒಂದಾಗುವುದಿಲ್ಲ. ಹಾಗಾದರೆ 'ಮರುಳ'ನನ್ನೂ ಸೇರಿಸಿಬಿಡಿ. ಬೋರ್ಡಿನಲ್ಲಿ 'ಸೂರ್ಯನ ಮರಳು' ಅಂತ ಬರೆಸಿದರೆ ಮಕ್ಕಳು ಅಲ್ಲಿ ಹೊಳೆದಂಡೆ ಇದೆ ಅಂದುಕೊಳ್ಳುತ್ತಾರೆ. ಒಂದೊಂದು ಗ್ರಾನ್ಯೂಲ್ ಸುಮಾರು 1000 ಕಿಲೋಮೀಟರ್ ಅಗಲ. ಬೀದರಿನಿಂದ ಚಾಮರಾಜನಗರದವರೆಗೆ ಕರ್ನಾಟಕವನ್ನು ಇಟ್ಟರೂ ಇನ್ನೂ ಜಾಗ ಉಳಿಯುತ್ತದೆ. 'ಕಣಿಕೆ' ಅನ್ನಿ. ಕಣದಿಂದ ಬಂದದ್ದು, ಅಚ್ಚುಕಟ್ಟಾಗಿದೆ.

ಶ. ಬರೆದದ್ದು:
ಕಲಬುರಗಿ ಕಡೆ ಕಣಿಕೆ ಅಂದರೆ ಜೋಳದ ದಂಟು, ಸಾರ್. ದನಕ್ಕೆ ಹಾಕ್ತೀವಿ.

ಗೋ. ಬರೆದದ್ದು:
ಪ್ರಾಂತ್ಯಕ್ಕೊಂದು ಅರ್ಥ ಹಿಡಿದು ಕೂತರೆ ಯಾವ ಪಾರಿಭಾಷಿಕ ಪದವೂ ಹುಟ್ಟುವುದಿಲ್ಲ.

ಶ. ಬರೆದದ್ದು:
ಪ್ರಾಂತ್ಯ ಅಂದ್ರೆ ಯಾವುದು? ನಮ್ಮದು ಮಾತ್ರಾನಾ?

ವೆಂ. ಬರೆದದ್ದು:
ಜಗಳ ಆಮೇಲೆ ಆಡಿ. ಟೆಲಿಸ್ಕೋಪಿಗೆ ಕಣ್ಣಿಟ್ಟವನಾಗಿ ಒಂದೆರಡು ಮಾತು. ಫಿಲಮೆಂಟ್, ಪ್ರಾಮಿನೆನ್ಸ್ ಬೇರೆ ಬೇರೆ ವಸ್ತುಗಳಲ್ಲ. ಕಾಂತಕ್ಷೇತ್ರ ಎತ್ತಿ ಹಿಡಿದ ಅದೇ ಅನಿಲ. ಸೂರ್ಯನ ಬಿಂಬದ ಮುಂದೆ ಬಂದರೆ ಕಪ್ಪು ಎಳೆ; ಅಂಚಿನಿಂದಾಚೆ ಕಪ್ಪು ಆಕಾಶದ ಮುಂದೆ ನಿಂತರೆ ಕೆಂಪು ಬೆಳಕು. ಸೂರ್ಯ ತಿರುಗುವುದರಿಂದ ಇವತ್ತಿನ ಎಳೆ ಕೆಲವು ದಿನಕ್ಕೆ ಅಂಚಿಗೆ ಬಂದು ಪ್ರಾಮಿನೆನ್ಸ್ ಆಗಬಹುದು. ಹಾಗಾಗಿ ಎರಡಕ್ಕೂ 'ಚಾಚಿಕೆ' ಅಂತಲೇ ಬರೆಸಿ: 'ಅಂಚಿನ ಚಾಚಿಕೆ', 'ಎಳೆಯಂತೆ ಕಾಣುವ ಚಾಚಿಕೆ'. ಉದ್ದವಾದರೆ ಆಗಲಿ.

ಅಂಬ್ರಾಕ್ಕೆ ಯಾರಾದರೂ 'ನೆರಳು' ಅನ್ನುವ ಮುಂಚೆ ಹೇಳಿಬಿಡುತ್ತೇನೆ, ಬೇಡ. ಗ್ರಹಣದಲ್ಲಿ ನೆರಳು, ಅರೆನೆರಳು ಸರಿ. ಸೌರಕಲೆಯ ಮೇಲೆ ಯಾರ ನೆರಳೂ ಬಿದ್ದಿಲ್ಲ. ಅಲ್ಲೂ ಸುಮಾರು 3500ರಿಂದ 4000 ಡಿಗ್ರಿ ಬಿಸಿ ಇದೆ. ಸುತ್ತಲೂ 5500 ಇರುವುದರಿಂದ ಕಪ್ಪಾಗಿ ಕಾಣುತ್ತದೆ, ಅಷ್ಟೇ. ನಡುವಿಗೆ 'ತಿರುಳು', ಸುತ್ತಲಿನ ನಸುಗಪ್ಪಿಗೆ 'ಸೆರಗು'. 'ಅಂಚು' ಅಂದರೆ ಸೂರ್ಯನ ಅಂಚಿನ ಜೊತೆ ಗೊಂದಲ. ಈ ಸೆರಗಿನಲ್ಲೇ ಅನಿಲ ಹೊರಮುಖವಾಗಿ ಹರಿಯುವುದನ್ನು 1909ರಲ್ಲಿ ಖಗೋಳವಿಜ್ಞಾನಿ ಎವರ್‌ಶೆಡ್ ಕೊಡೈಕೆನಾಲಿನ ವೀಕ್ಷಣಾಲಯದಿಂದ ಕಂಡುಹಿಡಿದದ್ದು. ಮಕ್ಕಳಿಗೆ ಅದನ್ನೂ ಹೇಳಿ.

ರಾ. ಬರೆದದ್ದು:
ತಿರುಳು, ಸೆರಗು ಚೆನ್ನಾಗಿವೆ. ಆದರೆ 'ಸೌರಕಲೆ'ಯಲ್ಲಿ ಅರ್ಧ ಸಂಸ್ಕೃತ ಬಿಟ್ಟಿರಲ್ಲ? 'ನೇಸರ ಕಲೆ' ಅನ್ನಿ. ಫಿಲ್ಟರಿಗೆ 'ಸೋಸುಕ'. ಎಲ್ಲಿಯವರೆಗೆ ಸಾಲದ ಪದ ಹೊತ್ತುಕೊಂಡು ತಿರುಗುವುದು?

ಗೋ. ಬರೆದದ್ದು:
ಈ ನೇಸರ ವ್ಯಾಮೋಹ ಸಾಕು. 'ಸೂರ್ಯ' ಗೊತ್ತಿಲ್ಲದ ಕನ್ನಡಿಗನನ್ನು ತೋರಿಸಿ. ಸೋಸುಕ ಅಂದರೆ ಕಾಫಿ ಜಾಲರಿ ಹುಡುಕುತ್ತಾರೆ.

ವೆಂ. ಬರೆದದ್ದು:
ಸಾಲ ಯಾರು ಮಾಡಿಲ್ಲ ಹೇಳಿ? ಇಂಗ್ಲಿಷಿನವರ ಅಂಬ್ರಾ ಲ್ಯಾಟಿನ್. ಸೂರ್ಯನ ಕೆಂಪು ಪದರಕ್ಕೆ ಅವರನ್ನುವ ಕ್ರೋಮೋಸ್ಫಿಯರ್ ಗ್ರೀಕ್. 1868ರ ಆಗಸ್ಟ್ 18ರ ಗ್ರಹಣಕ್ಕೆ ಖಗೋಳವಿಜ್ಞಾನಿ ಜಾನ್ಸೆನ್ ಫ್ರಾನ್ಸಿನಿಂದ ಗುಂಟೂರಿಗೆ ಬಂದು ನೋಡಿದ್ದು ಇದೇ ಚಾಚಿಕೆಗಳನ್ನು. ಮರುದಿನ ಗ್ರಹಣವಿಲ್ಲದೆಯೂ, ಬೆಳಕನ್ನು ಬಣ್ಣಗಳಾಗಿ ಬಿಡಿಸುವ ರೋಹಿತದರ್ಶಕದಲ್ಲಿ ಕಂಡ. ಸು. ಅವರ ಪುಟ್ಟ ಟೆಲಿಸ್ಕೋಪು ಮಾಡುವುದೂ ಅದೇ ಉಪಾಯ: ಒಂದೇ ಬಣ್ಣ ಆರಿಸಿ ಉಳಿದ ಬೆಳಕನ್ನು ತಳ್ಳುವುದು. ಪದ ಎಲ್ಲಿಂದ ಬಂತು ಅಂತ ಅಲ್ಲಿ ಯಾವ ಮಗುವೂ ಕೇಳಲ್ಲ.

ರಾ. ಬರೆದದ್ದು:
ಕೇಳದೇ ಇರುವುದೇ ನಮ್ಮ ಸಮಸ್ಯೆ. ಇನ್ನು ನಾನು ಸುಮ್ನಿರ್ತೀನಿ.

ಸು. ಬರೆದದ್ದು:
ಪೇಂಟರ್ ಬಂದುಹೋದ. 'ಚಾಚಿಕೆ', 'ತಿರುಳು', 'ಸೆರಗು' ಬರೆಸಿದೆ. ಗ್ರಾನ್ಯೂಲ್‌ಗೆ 'ಕುದಿಗುಳ್ಳೆ' ಅಂತ ಹಾಕಿಸಿ ಕೆಳಗೆ ಸಣ್ಣದಾಗಿ ಗ್ರಾನ್ಯೂಲ್ ಅಂತಲೂ ಬರೆಸಿದೆ. ಮರಳೂ ಇಲ್ಲ, ಕಣಿಕೆಯೂ ಇಲ್ಲ.

ಗೋ. ಬರೆದದ್ದು:
ಗುಳ್ಳೆ ಅಂದರೆ ಒಳಗೆ ಟೊಳ್ಳು. ಇದು ಟೊಳ್ಳಲ್ಲ. ತಪ್ಪು.

ರಾ. ಬರೆದದ್ದು:
ಮರಳು ಅಂದಿದ್ದರೆ ಈ ತಕರಾರೇ ಬರುತ್ತಿರಲಿಲ್ಲ.

ವೆಂ. ಬರೆದದ್ದು:
ಸು. ಅವರೇ, ಒಂಬತ್ತು ಗಂಟೆಯೊಳಗೆ ತೋರಿಸಿ. ನೆಲ ಕಾದ ಮೇಲೆ ಗಾಳಿ ಅಲುಗುತ್ತದೆ, ಕುದಿಗುಳ್ಳೆ ಏನೂ ಕಾಣಲ್ಲ. ಕಲೆ ಮಾತ್ರ ಕಾಣುತ್ತದೆ. ಫಿಲ್ಟರು ಗಾಳಿಗೆ ಹಾರದ ಹಾಗೆ ಟೇಪ್ ಹಚ್ಚಿ. ಪಕ್ಕದಲ್ಲಿರುವ, ಗುರಿ ಹಿಡಿಯುವ ಪುಟ್ಟ ದುರ್ಬೀನು ಫೈಂಡರನ್ನು ಬಿಚ್ಚಿಡಿ, ಇಲ್ಲವೇ ಮುಚ್ಚಳ ಹಾಕಿ ಟೇಪ್ ಸುತ್ತಿ. ಯಾವನಾದರೂ ತುಂಟ ಅದರಲ್ಲಿ ಕಣ್ಣಿಟ್ಟರೆ ಕಣ್ಣು ಹೋಯಿತು. ಫೈಂಡರಿಗೆ ಕನ್ನಡ ಪದ ಏನು ಅಂತ ದಯವಿಟ್ಟು ಭಾನುವಾರ ಕಳೆಯುವವರೆಗೆ ಯಾರೂ ಎತ್ತಬೇಡಿ.