ಫೌಂಡ್ರಿಯ ಜೊತೆ ಮಾಡಿದ ಪ್ರಾಜೆಕ್ಟಿನಲ್ಲಿ ಪ್ರದರ್ಶನಕ್ಕೆ ಇಡಬೇಕಾದದ್ದೆಷ್ಟು, ಬಿಡಬೇಕಾದದ್ದೆಷ್ಟು?

ಪ್ರಶ್ನೆ: ಅಂತಿಮ ವರ್ಷದ ವಿದ್ಯಾರ್ಥಿನಿ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ನಾವು ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜೊಂದರ ನಾಲ್ವರು ವಿದ್ಯಾರ್ಥಿಗಳು. ಇಬ್ಬರು ಮೆಕ್ಯಾನಿಕಲ್, ಇಬ್ಬರು ಎಲೆಕ್ಟ್ರಾನಿಕ್ಸ್ ವಿಭಾಗದವರು. ಕಳೆದ ಎಂಟು ತಿಂಗಳಿಂದ ಉದ್ಯಮಬಾಗದ ಒಂದು ಸಣ್ಣ ಫೌಂಡ್ರಿಯ (ಲೋಹದ ಎರಕ ಹೊಯ್ಯುವ ಕಾರ್ಖಾನೆಯ) ಜೊತೆಗೂಡಿ ಪ್ರಾಜೆಕ್ಟ್ ಮಾಡಿದ್ದೇವೆ. ಅದು ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮದ ರಾಜ್ಯಮಟ್ಟದ ಪ್ರದರ್ಶನಕ್ಕೆ ಆಯ್ಕೆಯಾಗಿದೆ. ಸಂತೋಷದ ಜೊತೆಗೆ ಕೆಲವು ಗೊಂದಲಗಳೂ ಇರುವುದರಿಂದ ಅನುಭವಿಗಳ ಸಲಹೆ ಕೇಳುತ್ತಿದ್ದೇನೆ.

ಆ ಫೌಂಡ್ರಿಯಲ್ಲಿ ಎರಕಕ್ಕೆ ಹಸಿ ಮರಳಿನ ಅಚ್ಚುಗಳನ್ನು ಬಳಸುತ್ತಾರೆ. ಮರಳು, ಬೆಂಟೋನೈಟ್ ಎಂಬ ಅಂಟು ಜೇಡಿಮಣ್ಣು ಮತ್ತು ನೀರನ್ನು ಮಲ್ಲರ್ ಯಂತ್ರದಲ್ಲಿ ಹದವಾಗಿ ಕಲಸಿ ಅಚ್ಚು ಕಟ್ಟುವವರಿಗೆ ಕೊಡುತ್ತಾರೆ. ಅಲ್ಲಿನ ಮರಳಿನ ತೇವಾಂಶ ಶೇ 3ರಿಂದ 4ರೊಳಗೆ ಇರಬೇಕು. ಹೆಚ್ಚಾದರೆ ಎರಕದಲ್ಲಿ ಗಾಳಿಗುಳ್ಳೆಗಳು ಬೀಳುತ್ತವೆ, ಕಡಿಮೆಯಾದರೆ ಅಚ್ಚಿನ ಅಂಚು ಉದುರಿ ಮರಳು ಎರಕದೊಳಗೆ ಸೇರಿಕೊಳ್ಳುತ್ತದೆ. ನಾವು ಹೋಗುವ ಮೊದಲು ದಿನಕ್ಕೆ ಎರಡು ಸಲ ಮಾತ್ರ ತೇವಾಂಶದ ಪರೀಕ್ಷೆ ನಡೆಯುತ್ತಿತ್ತು. ಉಳಿದಂತೆ ಹಿರಿಯ ಕೆಲಸಗಾರರೊಬ್ಬರು ಮರಳನ್ನು ಮುಷ್ಟಿಯಲ್ಲಿ ಒತ್ತಿ, ಉಂಡೆಯನ್ನು ಮುರಿದು, ಮುರಿದ ಅಂಚು ಚೂಪಾಗಿದೆಯೇ ಉದುರುತ್ತಿದೆಯೇ ಎಂದು ನೋಡಿ ನೀರು ಹೇಳುತ್ತಿದ್ದರು. ನಾವು ಮಲ್ಲರಿನ ಹೊರಬಾಯಿಗೆ ಮರಳಿನ ವಿದ್ಯುತ್ ಗುಣದಿಂದ ತೇವಾಂಶ ಅಳೆಯುವ ಕೆಪಾಸಿಟಿವ್ ಪ್ರೋಬ್ ಒಂದನ್ನು ಅಳವಡಿಸಿ, ಪ್ರತಿ ಸುತ್ತಿನ ತೇವಾಂಶವೂ ಗೋಡೆಯ ಮೇಲಿನ ಪರದೆಯಲ್ಲಿ ಕಾಣುವಂತೆ ಮಾಡಿದ್ದೇವೆ.

ಬೆಳಗಿನ ಪಾಳಿಯಲ್ಲಿ ನಮ್ಮ ಅಳತೆ ಪರೀಕ್ಷಾ ಕೊಠಡಿಯ ಅಳತೆಗೆ ಚೆನ್ನಾಗಿ ಹೊಂದುತ್ತದೆ. ಆದರೆ ಮಧ್ಯಾಹ್ನದ ನಂತರ, ಎರಕ ಬಿಡಿಸಿದ ಮರಳು ಬಿಸಿಯಾಗಿಯೇ ಮರಳಿ ಬರುವಾಗ, ಪ್ರೋಬ್ ಇರುವುದಕ್ಕಿಂತ ಹೆಚ್ಚು ತೇವಾಂಶ ತೋರಿಸುತ್ತದೆ. ಇದನ್ನು ಪೋಸ್ಟರಿನಲ್ಲಿ ಹೇಳಿದರೆ ಪ್ರಾಜೆಕ್ಟ್ ಸೋತಿತು ಎಂದು ತಿಳಿಯುತ್ತಾರೋ ಏನೋ ಎಂಬ ಅಳುಕು ನಮಗಿದೆ. ಇನ್ನೊಂದು ಕಡೆ, ರಿಜೆಕ್ಷನ್, ಅಂದರೆ ಕೆಟ್ಟು ತಿರಸ್ಕೃತವಾಗುವ ಎರಕಗಳ ಪ್ರಮಾಣ, ಎಷ್ಟು ಇಳಿಯಿತು ಎಂಬ ಅಂಕಿಯನ್ನು ಎಲ್ಲಿಯೂ ಹಾಕಬಾರದೆಂದು ಫೌಂಡ್ರಿಯ ಮಾಲೀಕರು ಹೇಳಿದ್ದಾರೆ. ಅದಿಲ್ಲದೆ ಮೌಲ್ಯಮಾಪಕರಿಗೆ ಉಪಯೋಗವನ್ನು ಹೇಗೆ ಮನಗಾಣಿಸುವುದು ಎಂದು ತಿಳಿಯುತ್ತಿಲ್ಲ. ಇದರ ಮೇಲೆ, ಪ್ರದರ್ಶನಕ್ಕೆ ಮೊದಲೇ ಪೇಟೆಂಟ್ ಅರ್ಜಿ ಹಾಕಬೇಕೆಂದು ನಮ್ಮ ಪ್ರಾಧ್ಯಾಪಕರೊಬ್ಬರು ಒತ್ತಾಯಿಸುತ್ತಿದ್ದಾರೆ. ಅದು ಅಷ್ಟು ಅಗತ್ಯವೇ?

ಉತ್ತರ 1: ಪ್ರಾಜೆಕ್ಟ್ ಮಾರ್ಗದರ್ಶಕ, ಮೆಕ್ಯಾನಿಕಲ್ ವಿಭಾಗ

ಮೊದಲಿಗೆ ನಿಮ್ಮ ತಂಡಕ್ಕೆ ಅಭಿನಂದನೆಗಳು. ಮಂಡಳಿ 1975ರಲ್ಲಿ ಸ್ಥಾಪನೆಯಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಿಂದ ಕೆಲಸ ಮಾಡುತ್ತಿರುವ ಅದು ಈ ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮವನ್ನು ನಾಲ್ಕು ದಶಕಗಳಿಗೂ ಹೆಚ್ಚು ಕಾಲದಿಂದ ನಡೆಸಿಕೊಂಡು ಬಂದಿದೆ. ಅಲ್ಲಿಂದ ಸಿಗುವ ಹಣ ಕೆಲವು ಸಾವಿರ ರೂಪಾಯಿಗಳಷ್ಟೇ ಆದರೂ, ಕಾಲೇಜಿನ ಗೋಡೆಯಾಚೆಗಿನ ಒಂದು ಸಮಸ್ಯೆಯನ್ನು ಕೈಗೆತ್ತಿಕೊಳ್ಳಲು ವಿದ್ಯಾರ್ಥಿಗಳಿಗೆ ಅದು ಕೊಡುವ ಧೈರ್ಯ ದೊಡ್ಡದು. ನನ್ನ ವಿದ್ಯಾರ್ಥಿಗಳೊಡನೆ ಹಲವು ಬಾರಿ ಆ ಪ್ರದರ್ಶನಕ್ಕೆ ಹೋಗಿರುವುದರಿಂದ ಹೇಳುತ್ತೇನೆ: ಮೌಲ್ಯಮಾಪಕರಲ್ಲಿ ಅನುಭವಿಗಳಾದವರು ಕೇಳುವ ಮೊದಲ ಪ್ರಶ್ನೆ, ಈ ಉಪಕರಣ ಇವತ್ತು ಎಲ್ಲಿದೆ, ಯಾರು ಬಳಸುತ್ತಿದ್ದಾರೆ ಎಂಬುದು. ನಿಮ್ಮದು ಮಲ್ಲರಿನ ಬಾಯಲ್ಲಿ ಇನ್ನೂ ಕೆಲಸ ಮಾಡುತ್ತಿದ್ದರೆ ಅದೇ ನಿಮ್ಮ ಬಲ.

ಮಧ್ಯಾಹ್ನದ ದೋಷವನ್ನು ಖಂಡಿತವಾಗಿ ಹಾಕಿ. ಬೆಳಗಿನ ಮತ್ತು ಮಧ್ಯಾಹ್ನದ ಅಳತೆಗಳನ್ನು ಒಂದೇ ನಕ್ಷೆಯಲ್ಲಿ, ಪರೀಕ್ಷಾ ಕೊಠಡಿಯ ಅಳತೆಯ ಎದುರಿಗೆ ಇಡಿ. ಎಲ್ಲ ಬಿಂದುಗಳೂ ಒಂದೇ ಗೆರೆಯ ಮೇಲೆ ಕೂತಿರುವ ನಕ್ಷೆಯನ್ನು ಕಂಡಾಗ, ಕಾರ್ಖಾನೆಯಲ್ಲಿ ದುಡಿದ ಯಾರಿಗೇ ಆದರೂ ಮೊದಲು ಹುಟ್ಟುವುದು ಸಂಶಯವೇ.

ರಿಜೆಕ್ಷನ್ ವಿಷಯದಲ್ಲಿ, ಮಾಲೀಕರು ಒಪ್ಪಿದರೆ, ಪ್ರಾಜೆಕ್ಟಿಗೆ ಮೊದಲಿನ ತಿಂಗಳುಗಳ ಪ್ರಮಾಣವನ್ನು 100 ಎಂದಿಟ್ಟುಕೊಂಡು ಆಮೇಲೆ ಅದು ಎಷ್ಟಕ್ಕೆ ಬಂತು ಎಂದಷ್ಟೇ ತೋರಿಸಬಹುದು. ನಿಜವಾದ ಅಂಕಿ ಹೊರಗೆ ಬರುವುದಿಲ್ಲ. ಆದರೆ ಏನನ್ನೇ ಹಾಕುವುದಾದರೂ ಪೋಸ್ಟರಿನ ಕರಡನ್ನು ಅವರಿಗೆ ತೋರಿಸಿ, ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಇದನ್ನು ನೋವಿನಿಂದಲೇ ಹೇಳುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ನನ್ನ ತಂಡವೊಂದು ಕಾರ್ಖಾನೆಯ ಒಳಗಿನ ಚಿತ್ರವೊಂದನ್ನು ಪೋಸ್ಟರಿಗೆ ಬಳಸಿಕೊಂಡಿತ್ತು. ಚಿತ್ರದ ಮೂಲೆಯಲ್ಲಿ, ಮೇಜಿನ ಮೇಲೆ ಹರಡಿದ್ದ ಡ್ರಾಯಿಂಗಿನಲ್ಲಿ, ಆ ಕಾರ್ಖಾನೆಯ ಗ್ರಾಹಕರ ಹೆಸರೂ ಬಿಡಿಭಾಗದ ಸಂಖ್ಯೆಯೂ ಸ್ಪಷ್ಟವಾಗಿ ಕಾಣುತ್ತಿದ್ದವು. ನಮ್ಮಲ್ಲಿ ಯಾರೂ ಗಮನಿಸಿರಲಿಲ್ಲ. ಗ್ರಾಹಕರ ಕಡೆಯಿಂದ ಆಕ್ಷೇಪಣೆ ಬಂದ ಮೇಲೆ ಆ ಕಾರ್ಖಾನೆ ಮೂರು ವರ್ಷ ನಮ್ಮ ವಿದ್ಯಾರ್ಥಿಗಳನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ತಪ್ಪು ವಿದ್ಯಾರ್ಥಿಗಳದ್ದಲ್ಲ, ಮಾರ್ಗದರ್ಶಕನಾದ ನನ್ನದು. ಅದಕ್ಕೆ ಬೆಲೆ ತೆತ್ತವರು ಮಾತ್ರ ಮುಂದಿನ ಮೂರು ತಂಡಗಳವರು.

ಉತ್ತರ 2: ಫೌಂಡ್ರಿ ಎಂಜಿನಿಯರ್, ಶಿವಮೊಗ್ಗ

ಮೇಲಿನ ಪ್ರಾಧ್ಯಾಪಕರ ಮಾತುಗಳನ್ನು ಗೌರವದಿಂದ ಒಪ್ಪುತ್ತೇನೆ. ಒಂದನ್ನು ಮಾತ್ರ ಒಪ್ಪಲಾರೆ. ರಿಜೆಕ್ಷನ್ ಅಂಕಿಯನ್ನು 100ಕ್ಕೆ ಹೋಲಿಸಿ ಹಾಕುವುದೂ ಬೇಡ ಎಂದೇ ನನ್ನ ಅಭಿಪ್ರಾಯ. ಎರಕ ಕೆಡುವುದಕ್ಕೆ ಮರಳಿನ ತೇವಾಂಶ ಒಂದು ಕಾರಣವಷ್ಟೇ. ಲೋಹ ಸುರಿಯುವಾಗಿನ ಶಾಖ, ಎರಕದೊಳಗೆ ಟೊಳ್ಳು ಬರಲು ಅಚ್ಚಿನಲ್ಲಿಡುವ ಕೋರ್‌ನಿಂದ ಹೊರಡುವ ಅನಿಲ, ಅಚ್ಚಿನಲ್ಲಿ ಗಾಳಿ ಹೋಗಲು ಬಿಟ್ಟ ದಾರಿ, ಅಚ್ಚು ಮೂಡಿಸುವ ಮಾದರಿಯಾದ ಪ್ಯಾಟರ್ನಿನ ಸವಕಳಿ, ಆ ತಿಂಗಳು ಬಂದ ಕಚ್ಚಾ ಕಬ್ಬಿಣ, ಇವೆಲ್ಲವೂ ಸೇರಿ ಆ ಅಂಕಿಯಾಗುತ್ತದೆ. ಎಂಟು ತಿಂಗಳಲ್ಲಿ ರಿಜೆಕ್ಷನ್ ಇಳಿದದ್ದು ನಿಮ್ಮ ಪ್ರೋಬಿನಿಂದಲೇ ಎಂದು ನೀವು ಸಾಬೀತುಪಡಿಸಲಾರಿರಿ. ಬಲ್ಲ ಮೌಲ್ಯಮಾಪಕರು ಕೇಳುವುದೂ ಅದನ್ನೇ. ನೀವು ಅಳೆದದ್ದು ತೇವಾಂಶವನ್ನು. ಅಳೆದದ್ದನ್ನೇ ತೋರಿಸಿ: ದಿನಕ್ಕೆ ಎರಡು ಸಲ ಸಿಗುತ್ತಿದ್ದ ಅಳತೆ ಈಗ ಪ್ರತಿ ಸುತ್ತಿಗೂ ಸಿಗುತ್ತಿದೆ, ಮತ್ತು ಮರಳಿನ ತೇವಾಂಶದ ಏರಿಳಿತ ಮೊದಲಿಗಿಂತ ಇಷ್ಟು ಕಡಿಮೆಯಾಗಿದೆ ಎಂದು. ಅಷ್ಟು ಸಾಕು, ಮತ್ತು ಅದು ಸಣ್ಣ ಕೆಲಸವಲ್ಲ.

ಮಾಲೀಕರ ಮೇಲೆ ಬೇಸರ ಮಾಡಿಕೊಳ್ಳಬೇಡಿ. ನಮ್ಮಂತಹ ಸಣ್ಣ ಫೌಂಡ್ರಿಗಳು ದೊಡ್ಡ ಕಂಪನಿಗಳಿಗೆ ಬಿಡಿಭಾಗ ಕೊಡುವಾಗ ಕಿಲೋ ಲೆಕ್ಕದಲ್ಲಿ ದರ ಚೌಕಾಸಿ ನಡೆಯುತ್ತದೆ. ರಿಜೆಕ್ಷನ್ ಇಳಿದಿದೆಯೆಂದು ತಿಳಿದರೆ, ಹಾಗಾದರೆ ದರವನ್ನೂ ಇಳಿಸಿ ಎನ್ನುತ್ತಾರೆ. ಮೊದಲು ಹೆಚ್ಚಿತ್ತೆಂದು ತಿಳಿದರೆ ಗುಣಮಟ್ಟದ ತಪಾಸಣೆಗೆ ಬರುತ್ತಾರೆ.

ಇನ್ನು ಮಧ್ಯಾಹ್ನದ ದೋಷ. ನೀವು ಕಂಡದ್ದು ಹಳೆಯ, ಎಲ್ಲ ಫೌಂಡ್ರಿಗಳನ್ನೂ ಕಾಡುವ ಬಿಸಿ ಮರಳಿನ ಸಮಸ್ಯೆ. ಮರಳಿ ಬಂದ ಮರಳು ಸುಮಾರು 50 ಡಿಗ್ರಿ ಸೆಲ್ಸಿಯಸ್ ದಾಟಿದರೆ ನೀರು ಮಲ್ಲರಿನಿಂದ ಅಚ್ಚಿಗೆ ಹೋಗುವ ದಾರಿಯಲ್ಲೇ ಆರತೊಡಗುತ್ತದೆ, ತಣ್ಣನೆಯ ಪ್ಯಾಟರ್ನಿಗೆ ಮರಳು ಅಂಟಿಕೊಳ್ಳುತ್ತದೆ. ಕೆಪಾಸಿಟಿವ್ ಪ್ರೋಬಂತೂ ನೀರಿನ ಜೊತೆಗೆ ಶಾಖಕ್ಕೂ ಬೆಂಟೋನೈಟಿನ ಪ್ರಮಾಣಕ್ಕೂ ಸ್ಪಂದಿಸುತ್ತದೆ. ಆದ್ದರಿಂದ ಪ್ರೋಬಿನ ಪಕ್ಕದಲ್ಲಿಯೇ ಶಾಖ ಅಳೆಯುವ ಒಂದು ಥರ್ಮೋಕಪಲ್ ಕೂರಿಸಿ, ಶಾಖದ ಪ್ರಕಾರ ಅಳತೆಯನ್ನು ಸರಿಪಡಿಸುವುದಕ್ಕೆ ಸಾಧ್ಯವೇ ನೋಡಿ. ಪ್ರದರ್ಶನದೊಳಗೆ ಮುಗಿಯದಿದ್ದರೂ ಚಿಂತೆಯಿಲ್ಲ, ಎರಡು ವಾರದ ಅಳತೆಗಳಿದ್ದರೆ ಅವನ್ನೇ ಇಡಿ.

ಮಳಿಗೆಗೆ ಮರಳನ್ನೇ ಒಯ್ಯಿರಿ ಎಂಬುದು ನನ್ನ ಕಳಕಳಿಯ ಸಲಹೆ. ಮೂರು ತಟ್ಟೆಗಳಲ್ಲಿ ಒಣಗಿದ್ದು, ಹದವಾದದ್ದು, ನೀರು ಹೆಚ್ಚಾದದ್ದು ಇಟ್ಟು, ಬಂದವರಿಗೆ ಮುಷ್ಟಿಯಲ್ಲಿ ಒತ್ತಿ ಮುರಿಯಲು ಹೇಳಿ. ಮೊದಲನೆಯದು ಬೆರಳ ಸಂದಿಯಿಂದ ಉದುರುತ್ತದೆ, ಮೂರನೆಯದು ಅಂಗೈಗೆ ಮೆತ್ತಿಕೊಳ್ಳುತ್ತದೆ, ನಡುವಿನದರ ಮೇಲೆ ಬೆರಳಿನ ಗೆರೆಗಳು ಅಚ್ಚೊತ್ತಿದಂತೆ ಮೂಡಿ ಉಂಡೆ ಚೊಕ್ಕವಾಗಿ ಎರಡಾಗುತ್ತದೆ. ಆಮೇಲೆ ಪ್ರೋಬ್ ಚುಚ್ಚಿ ಅಂಕಿ ತೋರಿಸಿ. ಪಕ್ಕದಲ್ಲಿ ಒಂದು ತಕ್ಕಡಿಯನ್ನೂ ಇಟ್ಟುಕೊಂಡು, 50 ಗ್ರಾಂ ಮರಳನ್ನು 105ರಿಂದ 110 ಡಿಗ್ರಿಯಲ್ಲಿ ಒಣಗಿಸಿ ಮತ್ತೆ ತೂಗುವ ಪರೀಕ್ಷೆಯನ್ನು ವಿವರಿಸಿದರೆ, ನಿಮ್ಮ ಅಂಕಿಯನ್ನು ಯಾವುದಕ್ಕೆ ಹೋಲಿಸಿದ್ದೀರಿ ಎಂಬುದು ತಾನಾಗಿಯೇ ತಿಳಿಯುತ್ತದೆ. ಆ ಹಿರಿಯ ಕೆಲಸಗಾರರ ಕೈಯ ಅಂದಾಜನ್ನೂ ಪ್ರೋಬಿನ ಅಳತೆಯ ಜೊತೆ ದಾಖಲಿಸಿಕೊಂಡಿದ್ದರೆ, ದಯವಿಟ್ಟು ಅದನ್ನು ಕೈಬಿಡಬೇಡಿ.

ಉತ್ತರ 3: ಪೇಟೆಂಟ್ ವಿಷಯದಲ್ಲಿ ಕೆಲಸ ಮಾಡುವವರು, ಬೆಂಗಳೂರು

ನಿಮ್ಮ ಪ್ರಾಧ್ಯಾಪಕರ ಎಚ್ಚರಿಕೆಯಲ್ಲಿ ಹುರುಳಿದೆ. ನಮ್ಮ ದೇಶದ ಪೇಟೆಂಟ್ ಕಾಯ್ದೆಯ ಪ್ರಕಾರ ಅರ್ಜಿ ಸಲ್ಲಿಸುವ ಮೊದಲೇ ಆವಿಷ್ಕಾರ ಸಾರ್ವಜನಿಕರಿಗೆ ತಿಳಿದುಬಿಟ್ಟಿದ್ದರೆ ಅದು ಹೊಸದೆನಿಸಿಕೊಳ್ಳುವುದಿಲ್ಲ. ಪ್ರದರ್ಶನದಲ್ಲಿ ಇಟ್ಟ ಮೇಲೆ 12 ತಿಂಗಳೊಳಗೆ ಅರ್ಜಿ ಹಾಕಬಹುದೆಂಬ ವಿನಾಯಿತಿ 31ನೆಯ ಸೆಕ್ಷನ್ನಿನಲ್ಲಿ ಇದೆಯಾದರೂ, ಅದು ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚನೆ ಹೊರಡಿಸಿದ ಪ್ರದರ್ಶನಗಳಿಗೆ ಸಲ್ಲುವಂಥದ್ದು. ಕಾಲೇಜು ಪ್ರದರ್ಶನಗಳಿಗೆಲ್ಲ ಅನ್ವಯಿಸುತ್ತದೆಂದು ನಂಬಿಕೊಂಡು ಕೂರಬಾರದು. ಗ್ರಂಥಾಲಯದಲ್ಲಿ ಎಲ್ಲರಿಗೂ ಸಿಗುವಂತೆ ಇಟ್ಟ ಪ್ರಾಜೆಕ್ಟ್ ವರದಿಯೂ ಪ್ರಕಟಣೆಯೇ ಆಗಬಹುದು ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ.

ಸಮಯ ಕಡಿಮೆಯಿದ್ದರೆ ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಸಲ್ಲಿಸಿ, ಪೂರ್ಣ ವಿವರಣೆಯನ್ನು 12 ತಿಂಗಳೊಳಗೆ ಕೊಡಬಹುದು. 2021ರ ನಿಯಮ ತಿದ್ದುಪಡಿಯ ನಂತರ ಶಿಕ್ಷಣ ಸಂಸ್ಥೆಗಳಿಗೆ ಶುಲ್ಕದಲ್ಲಿ ಶೇ 80ರಷ್ಟು ರಿಯಾಯಿತಿ ಇರುವುದರಿಂದ ಕಾಲೇಜಿನ ಹೆಸರಿನಲ್ಲಿ ಹಾಕಿದರೂ ಹೊರೆಯಾಗದು. ಆದರೆ ಹಾಗೆ ಹಾಕುವಾಗ ಆವಿಷ್ಕಾರಕರೆಂದು ನಿಮ್ಮ ನಾಲ್ವರ ಹೆಸರು ಇರಲೇಬೇಕು, ಹಕ್ಕನ್ನು ಕಾಲೇಜಿಗೋ ಫೌಂಡ್ರಿಗೋ ವಹಿಸಿಕೊಡುವುದಾದರೆ ಅದಕ್ಕೆ ಪತ್ರ ಇರಬೇಕು. ಪ್ರೋಬನ್ನು ಕೆಲಸದ ಸ್ಥಳಕ್ಕೆ ಹೊಂದಿಸಿಕೊಟ್ಟ ಫೌಂಡ್ರಿಯ ತಂತ್ರಜ್ಞರು ಯಾರಾದರೂ ಇದ್ದರೆ ಅವರ ಪಾಲನ್ನೂ ಪ್ರಾಮಾಣಿಕವಾಗಿ ಯೋಚಿಸಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು. ಮರಳಿನ ತೇವಾಂಶ ಅಳೆಯುವ ಪ್ರೋಬ್‌ಗಳು ಮಾರುಕಟ್ಟೆಯಲ್ಲಿ ಬಹುಕಾಲದಿಂದ ಇವೆ. ನಿಮ್ಮಲ್ಲಿ ಹೊಸದೇನಾದರೂ ಇದ್ದರೆ ಅದು ಬಿಸಿ ಮರಳಿನ ಅಳತೆಯನ್ನು ಸರಿಪಡಿಸುವ ವಿಧಾನದಲ್ಲಿ ಇರಬಹುದು, ಅದನ್ನು ನೀವು ಇನ್ನೂ ಮಾಡಬೇಕಾಗಿದೆ. ಅರ್ಜಿಗೆ ಮೊದಲು ಹಳೆಯ ಪೇಟೆಂಟ್‌ಗಳನ್ನು ಹುಡುಕಿ ನೋಡಿ; ಮಂಡಳಿಯಲ್ಲಿಯೇ ಪೇಟೆಂಟ್ ಮಾಹಿತಿ ಕೇಂದ್ರವಿದೆ, ಅಲ್ಲಿ ವಿಚಾರಿಸಿ. ಹೊಸದೇನೂ ಇಲ್ಲವೆಂದು ತಿಳಿದರೆ ಯಾವ ಸಂಕೋಚವೂ ಇಲ್ಲದೆ ಎಲ್ಲವನ್ನೂ ತೋರಿಸಿ. ಒಂದು ಸಣ್ಣ ಫೌಂಡ್ರಿಗೆ ಎಟಕುವ ಬೆಲೆಯಲ್ಲಿ ಮಾಡಿಕೊಟ್ಟಿದ್ದೇ ನಿಮ್ಮ ಕೆಲಸದ ತೂಕ, ಅದಕ್ಕೆ ಪೇಟೆಂಟಿನ ಮುದ್ರೆ ಬೇಕಾಗಿಲ್ಲ.

ಪ್ರಶ್ನೆ ಕೇಳಿದವರ ಮರುನುಡಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಹಿಂದಿನ ಪೇಟೆಂಟ್‌ಗಳನ್ನು ನಮ್ಮ ಮಾರ್ಗದರ್ಶಕರ ಜೊತೆ ಕೂತು ಹುಡುಕಿದೆವು. ನಮ್ಮ ಪ್ರೋಬಿನಂಥವು ಹಲವು ಸಿಕ್ಕವು. ಆದ್ದರಿಂದ ಈಗ ಇರುವುದನ್ನು ಪೂರ್ತಿಯಾಗಿ ತೋರಿಸುತ್ತೇವೆ. ಶಾಖದ ತಿದ್ದುಪಡಿಯ ವಿಧಾನ ಕೈಗೂಡಿದರೆ ಮಾತ್ರ ಅದನ್ನು ಪ್ರಕಟಿಸದೆ ಮೊದಲು ವಿಚಾರಿಸುತ್ತೇವೆ. ರಿಜೆಕ್ಷನ್ ಅಂಕಿಯನ್ನು ಕೈಬಿಟ್ಟಿದ್ದೇವೆ. ಶಿವಮೊಗ್ಗದ ಸರ್ ಹೇಳಿದ ಮೇಲೆ ನಮಗೂ ಅನ್ನಿಸಿತು, ಆ ಅಂಕಿ ನಮ್ಮದಾಗಿರಲಿಲ್ಲ.

ನಿನ್ನೆ ಪೋಸ್ಟರಿನ ಕರಡನ್ನು ಫೌಂಡ್ರಿಗೆ ಒಯ್ದೆವು. ಮಾಲೀಕರು ಚಿತ್ರಗಳನ್ನು ಒಂದೊಂದಾಗಿ ನೋಡಿ ಎರಡನ್ನು ತೆಗೆಸಿದರು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ಹಿರಿಯ ಕೆಲಸಗಾರರ ಕೈಯ ಅಂದಾಜನ್ನು ನಾವು 60 ಸುತ್ತುಗಳಿಗೆ ಬರೆದಿಟ್ಟುಕೊಂಡಿದ್ದೆವು. ಬಿಸಿ ಮರಳಿನಲ್ಲಿ ಅವರ ಅಂದಾಜು ಪ್ರೋಬಿಗಿಂತ ನಿಜಕ್ಕೆ ಹತ್ತಿರವಿರುವುದು ನಕ್ಷೆ ಬರೆದಾಗಲೇ ನಮಗೆ ತಿಳಿದದ್ದು. ಅದನ್ನು ಪೋಸ್ಟರಿನ ನಡುವೆಯೇ ಹಾಕಿದ್ದೇವೆ, ಅವರ ಅನುಮತಿ ಪಡೆದು. ಮಳಿಗೆಗೆ ಬೇಕಾದ ಮರಳನ್ನು ತಾವೇ ಕಲಸಿ ಮೂರು ಡಬ್ಬಿಗಳಲ್ಲಿ ಬಿಗಿಯಾಗಿ ಮುಚ್ಚಿಕೊಡುವುದಾಗಿ ಹೇಳಿದ್ದಾರೆ. ಮಾಲೀಕರದ್ದು ಒಂದೇ ಷರತ್ತು: ಪ್ರದರ್ಶನಕ್ಕೆ ಬೇರೆ ಪ್ರೋಬ್ ಒಯ್ಯಬೇಕು, ಮಲ್ಲರಿನಲ್ಲಿ ಇರುವುದನ್ನು ಒಂದು ದಿನಕ್ಕೂ ಬಿಚ್ಚಬಾರದು.