ಸಹಾಯ ಬೇಕು: ಅಪ್ಪನನ್ನು ಕ್ಯಾಸಲ್‌ರಾಕ್ ಸ್ಟೇಷನ್‌ಗೆ ಕರೆದುಕೊಂಡು ಹೋಗಬೇಕು

ಎಲ್ಲರಿಗೂ ನಮಸ್ಕಾರ. ನಮ್ಮಪ್ಪನಿಗೆ ಈಗ 74. ಚಿಕ್ಕವರಿದ್ದಾಗ ಅಜ್ಜನ ಜೊತೆ ಮೀಟರ್‌ಗೇಜ್ ರೈಲಿನಲ್ಲಿ ಗೋವಾಕ್ಕೆ ಹೋಗುವಾಗ ಜೋಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್‌ನಲ್ಲಿ ಇಳಿದು ಚಹಾ ಕುಡಿದದ್ದನ್ನು ಇವತ್ತಿಗೂ ಹೇಳುತ್ತಾರೆ. ಆ ಮಂಜು, ಘಾಟಿಗೆ ಹಚ್ಚುತ್ತಿದ್ದ ಹೆಚ್ಚುವರಿ ಉಗಿ ಎಂಜಿನ್ನು, ಎಲ್ಲ ನೆನಪಿದೆ. ಮತ್ತೊಮ್ಮೆ ಆ ಪ್ಲಾಟ್‌ಫಾರ್ಮಿನ ಮೇಲೆ ನಿಲ್ಲಬೇಕು ಅನ್ನೋದೊಂದೇ ಅವರ ಆಸೆ.

1888ರಲ್ಲಿ ಮುರ್ಮುಗೋವಾದಿಂದ ಗಡಿಯವರೆಗೆ ರೈಲು ಬಂದಾಗಿನಿಂದ ಗೋವಾ ವಿಮೋಚನೆಯಾದ 1961ರವರೆಗೂ ಇದು ಪೋರ್ಚುಗೀಸರ ಗಡಿಗೆ ಹತ್ತಿದ ಸ್ಟೇಷನ್ನು. ಇಲ್ಲಿಂದ ಘಾಟಿಯ ಕೆಳಗೆ ಗೋವಾದಲ್ಲಿರುವ ಕುಳೆಂ ಸ್ಟೇಷನ್‌ಗೆ ಸುಮಾರು 26 ಕಿ.ಮೀ. ಇಳಿಜಾರು, 37 ಅಡಿಗೆ ಒಂದಡಿ. ಅಂಥ ಜಾಗ ನೋಡದೆ ಬಿಟ್ಟರೆ ನನಗೂ ಸಮಾಧಾನವಿಲ್ಲ.

ನಾವು ಹುಬ್ಬಳ್ಳಿಯಿಂದ ಹೊರಡುತ್ತೇವೆ. ಬೆಳಿಗ್ಗೆ ಹೋಗಿ ಸಂಜೆ ಮರಳಲು ಅಲ್ಲಿ ನಿಲ್ಲುವ ರೈಲು ಯಾವುದು? ಇಲ್ಲವಾದರೆ ಲೋಂಡಾದಲ್ಲಿ ಇಳಿದು ಕಾರು ಮಾಡುವುದು ಒಳ್ಳೆಯದೇ? ಅಪ್ಪನಿಗೆ ಮಂಡಿನೋವು, ಮೆಟ್ಟಿಲು ಹತ್ತುವುದು ಕಷ್ಟ. ಹಳಿ ಮೇಲೆ ನಡೆದು ದೂಧಸಾಗರಕ್ಕೆ ಹೋಗುವ ವಿಚಾರ ಖಂಡಿತ ಇಲ್ಲ, ಅದು ನಿಷೇಧ, ಅಪಾಯ ಕೂಡ. ಊರಲ್ಲಿ ಮನೆಯೂಟ, ಒಂದು ರಾತ್ರಿ ತಂಗಲು ಶುಚಿಯಾದ ಕೋಣೆ ಸಿಗುತ್ತದೆಯೇ? ಮಳೆ ನಿಂತ ಮೇಲೆ, ನವೆಂಬರ್‌ನಲ್ಲಿ ಹೋಗೋಣ ಅಂದುಕೊಂಡಿದ್ದೇವೆ. ಇತ್ತೀಚೆಗೆ ಹೋಗಿ ಬಂದವರು, ಜೋಯಿಡಾ ಕಡೆಯವರು ದಯವಿಟ್ಟು ತಿಳಿಸಿ.