ಔಷಧದ ಕ್ಯಾನ್ ಮುಟ್ಟಬ್ಯಾಡ ತಂಗಿ: ಆರ್ಕಿಡ್ ಡಬ್ಬಿ ಕೇಳಿದ್ದಕ್ಕ ದೊಡ್ಡವ್ವನ ಉತ್ತರ

ತಂಗೀ, ಕೇಳಸಾಕತ್ತೈತಿಲ್ಲೋ? ನಾ ದೊಡ್ಡವ್ವ, ಬಾಗಲಕೋಟಿ ನವನಗರದಿಂದ. ಮುಂಜಾನೆ ನೀ ಗ್ರೂಪಿನ್ಯಾಗ ಹಾಕಿದ್ದು ಈಗ ನೋಡಿದೆ. ಆರ್ಕಿಡ್ ತೊಗಟಿಯೊಳಗ ಕೊಳತು ಬೇರು ಕರ್ರಗಾಗ್ಯಾವ, ಸೆಮಿ ಹೈಡ್ರೋಪೋನಿಕ್ಸ್‌ಕ (ಮಣ್ಣಿಲ್ಲದ, ಗೋಲಿ ಮತ್ತ ಬುಡದಾಗ ನಿಂತ ನೀರಿನ ಮ್ಯಾಲ ಗಿಡ ಬೆಳಸೂದಕ್ಕ) ಹಾಕಬೇಕಂತ ಸುಟ್ಟ ಮಣ್ಣಿನ ಗೋಲಿ ತರಿಸೀದಿ, ಅದಕ್ಕ ಹೊಂದೋ ಪಾಟ್ ಮಾತ್ರ ವಿಜಾಪುರದಾಗ ಸಿಗವಲ್ದು, ತ್ವಾಟದಾಗ ಬಿದ್ದ ಐದು ಲೀಟರಿನ ಬಿಳಿ ಕ್ಯಾನ್ ಕೊರದು ಹಚ್ಚಲೇನು, ಗಿಡ ಸತ್ತರ ಹೆಂಗ ಅಂತ ಕೇಳೀದಿ. ಅದನ್ನ ಓದಿ ನನಗ ಕುಂತಲ್ಲಿ ಕುಂದ್ರಾಕ ಆಗಲಿಲ್ಲ. ಇದು ಬರದು ಮುಗಿಯೂ ಮಾತಲ್ಲ, ಅದಕ್ಕ ಮಾತಾಡಿ ಕಳಸಾಕತ್ತೀನಿ. ಪೂರಾ ಕೇಳು, ನಡುವ ಬಂದ್ ಮಾಡಬ್ಯಾಡ.

ಮೊದಲ ಆ ಕ್ಯಾನ್ ಕೈಯಿಂದ ಕೆಳಗಿಡು. ತ್ವಾಟಕ್ಕ ಹೊಡಿಯೂ ಔಷಧ ಬಂದ ಕ್ಯಾನಿನ್ಯಾಗ ಗಿಡಾನೂ ಹಚ್ಚಬ್ಯಾಡ, ನೀರೂ ತುಂಬಬ್ಯಾಡ, ಕಾಳೂ ಹಾಕಿಡಬ್ಯಾಡ.

ನನ್ನ ಮೈದುನ, ನಿಮ್ಮ ತಿಕೋಟಾ ಕಾಕಾನ ದ್ರಾಕ್ಷಿ ತ್ವಾಟ ನಿಮಗೆಲ್ಲಾರಿಗೂ ಗೊತ್ತು. ಮೊಮ್ಮಗಳು ಹುಟ್ಟಿದಾಗ ನಾ ಬಾಣಂತನಕ್ಕಂತ ಧಾರವಾಡಕ್ಕ ಹೋದೆ. ಕಾಕಾ ಆಗ ಕೋರ್ಟಿನ ಕೆಲಸಕ್ಕ ನಮ್ಮನಿಯಾಗ ಇದ್ದ. ಗಿಡಕ್ಕ ನೀರು ಹಾಕೂದು ಅವಗ ಒಪ್ಪಿಸಿ ಹೋಗಿದ್ದೆ. ಮಾಳಗಿ ಮ್ಯಾಲ ನೆರಳಿನ ಬಲಿ ಕಟ್ಟಿ ಡೆಂಡ್ರೋಬಿಯಂ ಅನ್ನೂ ಆರ್ಕಿಡ್ ಸಾಲಾಗಿ ಇಟ್ಟಿದ್ದೆ, ಎಲ್ಲಾ ಐಸ್‌ಕ್ರೀಮ್ ಡಬ್ಬಿಯೊಳಗ. ಫೆಲನಾಪ್ಸಿಸ್ ಅನ್ನೂ ಇನ್ನೊಂದು ಜಾತಿ ಆರ್ಕಿಡ್ ಎರಡು ಅಡಗಿಮನಿ ಕಿಡಕಿಯಾಗ ಇದ್ದುವು. ಕಾಕಾನ ಕಣ್ಣಿಗೆ ಆ ಡಬ್ಬಿ ಬಡತನದ್ದು ಅನಿಸಿತಂತ. ಅಂವ ತ್ವಾಟದಿಂದ ಬಿಳಿ ಕ್ಯಾನ್ ತರಿಸಿ, ಒಂದೇ ಅಳತಿಗೆ ಕೊರದು, ತೂತು ಹಾಕಿ, ಹೊರಗ ಹಸರು ಬಣ್ಣ ಹಚ್ಚಿ, ಮಾಳಗಿ ಮ್ಯಾಲಿನ ಗಿಡ ಎಲ್ಲಾ ಅದಕ್ಕ ಬದಲಿ ಮಾಡಿಬಿಟ್ಟ. ವೈನಿ ಬಂದ ಮ್ಯಾಲ ನೋಡಿ ಹಿಗ್ಗಲಿ ಅಂತ ಮಾಡಿದ್ದು. ಅವನ ಮನಸ್ಸಿನ್ಯಾಗ ಕೆಟ್ಟದ್ದಿರಲಿಲ್ಲ, ಅದನ್ನ ನಾ ಯಾವತ್ತೂ ಹೇಳತೀನಿ.

ನಾ ಬಂದು ನೋಡೂದರಾಗ ಹೊಸಾ ಎಲಿ ಬೆಳ್ಳಗ ಬಿದ್ದು ಮುರುಟಿದ್ದುವು. ಬೇರಿನ ತುದಿ ಹಸರಾಗಿರಬೇಕು, ಅದು ಕಂದಾಗಿ ಒಣಗಿತ್ತು. ಹೊಸಾ ಚಿಗರು ಬುಡದಾಗ ಎದ್ದು ಅಲ್ಲೇ ನಿಂತು ಬಿಟ್ಟಿದ್ದುವು. ಮಳಿಗಾಲ ಮುಗಿಯೂದರಾಗ ಮಾಳಗಿ ಮ್ಯಾಲಿಂದು ಒಂದೂ ಉಳೀಲಿಲ್ಲ. ಅಡಗಿಮನಿ ಕಿಡಕಿಯಾಗಿನ ಎರಡು ಐಸ್‌ಕ್ರೀಮ್ ಡಬ್ಬಿಯೊಳಗ ಹಂಗ ಉಳಿದಿದ್ದುವಲ್ಲ, ಅವು ಎಲಿ ಹಸರಾಗಿ ನಿಂತಿದ್ದುವು, ಒಂದು ಆ ಚಳಿಗಾಲದಾಗ ಹೂವೂ ಬಿಟ್ಟಿತು. ಅದs ಗೋಲಿ, ಅದs ನೀರು, ಅದs ಗೊಬ್ಬರ. ಜಾಗಾ, ಗಿಡದ ಜಾತಿ ಬಿಟ್ಟರ ಬ್ಯಾರೆ ಇದ್ದದ್ದು ಡಬ್ಬಿ ಒಂದs.

ಒಂದು ಕ್ಯಾನಿನ ಹಸರು ಬಣ್ಣ ಕೆರದು ನೋಡಿದರ ಅರ್ಧ ಹರದ ಚೀಟಿ ಇತ್ತು. ಹುಲ್ಲು ಸಾಯಿಸೂ ಔಷಧ ತಂಗಿ. ಚೀಟಿ ಮ್ಯಾಲ ಆ ಬಣ್ಣದ ಗುರ್ತು ಇರತೈತಲ್ಲ, ಕೆಂಪು, ಹಳದಿ, ನೀಲಿ, ಹಸರು, ಕೆಂಪಂದ್ರ ಎಲ್ಲಾಕಿಂತ ಜೋರು ವಿಷ, ಆ ಗುರ್ತೂ ಅರ್ಧ ಉಳದಿತ್ತು. ಮೂರು ಸಲ ಸಾಬೂನು ಹಚ್ಚಿ ತೊಳದೀನಿ ವೈನಿ ಅಂದ ಕಾಕಾ. ತೊಳದಿರಬೇಕು. ಆದರ ಆ ಕ್ಯಾನಿನ ಹಿಡಿಕಿ ಒಳಗ ಪೊಳ್ಳು ಇರತೈತಿ, ಬಾಯಿಯ ಸುತ್ತ ಮುಚ್ಚಳ ತಿರುವೂ ಗೆರಿ ಇರತಾವ, ಅಲ್ಲಿ ಕೈ ಹೋಗೂದಿಲ್ಲ. ಪ್ಲಾಸ್ಟಿಕ್ ಸೈತ ಔಷಧ ಒಂದೀಟು ಹೀರಕೊಂಡಿರತೈತಿ, ಆಮ್ಯಾಲ ಸಾವಕಾಶ ಬಿಡತೈತಿ. ಮಣ್ಣಿನ ಪಾಟ್ ಆದರ ಬುಡದ ತೂತಿನಿಂದ ನೀರು ಹೊರಗ ಹೋಗತೈತಿ, ಮಣ್ಣೂ ಒಂದಿಷ್ಟು ಹಿಡಕೊಳ್ಳತೈತಿ. ಸೆಮಿ ಹೈಡ್ರೋದಾಗ ಹಂಗಲ್ಲ. ಬುಡದಾಗ ನೀರು ಯಾವಾಗಲೂ ನಿಂತಿರಬೇಕು, ಗೋಲಿ ಅದನ್ನ ಮ್ಯಾಲ ಎಳದು ಬೇರಿಗೆ ಮುಟ್ಟಸಬೇಕು. ನಿಂತ ನೀರಿಗೆ ಏನು ಇಳೀತೋ ಅದನ್ನs ಗಿಡ ರಾತ್ರಿ ಹಗಲಿ ಕುಡೀತೈತಿ.

ಗಿಡ ಹೋದುವು, ಹೋಗಲಿ. ಕೊರದು ಉಳಿದ ಮ್ಯಾಲಿನ ಭಾಗ, ಮುಚ್ಚಳ, ಎಲ್ಲಾ ಮಾಳಗಿ ಮೂಲ್ಯಾಗ ಬಿದ್ದಿದ್ದುವು. ಒಂದಿನ ನೋಡತೀನಿ, ದೊಡ್ಡ ಮೊಮ್ಮಗ ಆ ಮುಚ್ಚಳದಾಗ ನೀರು ತುಂಬಿ ಗೊಂಬಿಗೆ ಕುಡಿಸಾಕತ್ತಾನ. ನನ್ನ ಎದಿ ಧಸಕ್ಕಂತು. ಎಳಕೊಂಡು ಹೋಗಿ ಕೈ ಬಾಯಿ ತೊಳಸಿದೆ. ಏನೂ ಆಗಲಿಲ್ಲ, ದೇವರು ದೊಡ್ಡಾಂವ. ಹೊಲದಾಗ ಆಳಿಗೆ ಕುಡಿಯೂ ನೀರು ಇಂಥಾ ಕ್ಯಾನಿನ್ಯಾಗs ಒಯ್ಯೂದು ನಾ ಇವತ್ತಿಗೂ ನೋಡತೀನಿ, ನೋಡಿದಾಗೆಲ್ಲಾ ನಿಂತು ಹೇಳತೀನಿ. ಖಾಲಿ ಆದ ಡಬ್ಬಿ ಒಡದು ಊರ ಹೊರಗ ಹುಗೀಬೇಕಂತ 1971ರ ಕೀಟನಾಶಕ ನಿಯಮದಾಗs ಐತಿ.

ಅದಕ್ಕ ಇನ್ನೊಮ್ಮೆ ಹೇಳತೀನಿ, ಗ್ರೂಪಿನ್ಯಾಗ ಇದ್ದವರೆಲ್ಲಾ ಕೇಳ್ರಿ. ಔಷಧದ ಕ್ಯಾನಿನ್ಯಾಗ ಗಿಡ ಹಚ್ಚಬ್ಯಾಡ್ರಿ. ಎಷ್ಟು ತೊಳದರೂ ಬ್ಯಾಡ, ಎಷ್ಟು ಚಂದ ಕಂಡರೂ ಬ್ಯಾಡ. ಡಬ್ಬಿಯೊಳಗ ಮೊದಲ ಏನಿತ್ತು ಅನ್ನೂದು ಗೊತ್ತಿಲ್ಲಂದ್ರ ಆ ಡಬ್ಬಿ ಮನಿಯೊಳಗ ತರಬ್ಯಾಡ್ರಿ.

ಅವತ್ತು ಗಿಡ ಸತ್ತಾಗ ನಾ ಅತ್ತೆ. ಆಗ ಮನಿಯಾಗ ಏನಂದ್ರು? ಹೂವಿನ ಗಿಡ ಅಲ್ಲೇನು, ಅದಕ್ಯಾಕ ಇಷ್ಟು ಅಂತ ಅಂದ್ರು. ಆ ಮಾತು ನನಗ ಹೊಸಾದಲ್ಲ. ಹಳೇ ಬಾಗಲಕೋಟಿ ಮನಿ ಮುಳುಗಡಿ ಆದಾಗಲೂ ಇದs ಮಾತು ಕೇಳೀನಿ. ನಿಮಗೆ ಸಣ್ಣವರಿಗೆ ಆಲಮಟ್ಟಿ ಆಣೆಕಟ್ಟು ಅಂದ್ರ ನೀರು ನಿಲ್ಲೂ ಮಟ್ಟ 519.60 ಮೀಟರ್ ಅನ್ನೂ ಒಂದು ಲೆಕ್ಕ, ಅದನ್ನ ಏರಸಬೇಕಂತಿರೂ 524.256 ಅನ್ನೂ ಇನ್ನೊಂದು ಲೆಕ್ಕ. ನನಗ ಅದು ನಮ್ಮ ಹಿತ್ತಲ. ಘಟಪ್ರಭಾದ ಹಿನ್ನೀರು ಏರಿ ಬರತೈತಂತ ಅಳತಿ ಮಾಡಾಕ ಬಂದವರು ಗ್ವಾಡಿ ಅಳದ್ರು, ಬಾಗಲಾ ಬರಕೊಂಡ್ರು, ತೆಂಗು ಎಣಿಸಿದ್ರು, ಬೇವು ಎಣಿಸಿದ್ರು. ನಮ್ಮ ಅತ್ತಿ ಹಚ್ಚಿದ ಪಾರಿಜಾತ, ದುಂಡುಮಲ್ಲಿಗಿ, ಬಾವಿ ಕಟ್ಟಿ ಸುತ್ತಲಿನ ಕರ್ಣಕುಂಡಲ, ಇದನ್ನ ಯಾವಾಂವೂ ಹಾಳಿಗೆ ಹಚ್ಚಲಿಲ್ಲ. ನಾ ಕೇಳಿದೆ. ಹೂವಿನ ಗಿಡಕ್ಕ ಕಿಮ್ಮತ್ತಿಲ್ಲ ಅಕ್ಕಾರ ಅಂದು ಮುಂದ ಹ್ವಾದ್ರು. ಪರಿಹಾರ ಬಂದಾಗ ಅಣ್ಣತಮ್ಮರು ಕುಂತು ಹಂಚಕೊಂಡ್ರು. ಹಿತ್ತಲ ಯಾರದು ಅಂತ ಒಬ್ಬರೂ ಕೇಳಲಿಲ್ಲ, ಯಾಕಂದ್ರ ಹಿತ್ತಲದಾಗ ನೀರು ಹಾಕಿದ್ದು ನಾವು ಹೆಣ್ಣುಮಕ್ಕಳು. ಬಾವಿ ಸಿಹಿನೀರು ಬಿಟ್ಟು ನವನಗರಕ್ಕ ಬಂದ್ವಿ, ಸೆಕ್ಟರಿನ ಸೈಟಿನ್ಯಾಗ ಕಂಪೌಂಡ್ ತುಂಬಾ ಸಿಮೆಂಟ್. ಮಣ್ಣಿಲ್ಲದ ಮನಿಯಾಗ ಏನು ಬೆಳೀತೈತಿ ಅಂತ ಹುಡುಕಿದಾಗs ನನಗ ಈ ಗೋಲಿ, ಈ ಆರ್ಕಿಡ್ ಸಿಕ್ಕಿದ್ದು. ಅದನ್ನೂ ಬರೇ ಹೂವಿನ ಗಿಡ ಅಂದ್ರ ನಾ ಹೆಂಗ ಸುಮ್ಮನಿರಲಿ? ತಿಕೋಟಾ ಕಾಕಾ ಈ ಗ್ರೂಪಿನ್ಯಾಗ ಅದಾನ, ಕೇಳಲಿ. ಒಂದು ಗಿಡ ಹ್ವಾದ್ರ ಮನಿಯಾಗಿನ ಜೀವ ಹ್ವಾದಂಗ ಅಂತ ಅವಗ ಇವತ್ತಿಗೂ ತಿಳದಿಲ್ಲ.

ಅಯ್ಯ, ನೀ ಕೇಳಿದ್ದು ಡಬ್ಬಿ. ಅದನ್ನ ಹೇಳಲೇ ಇಲ್ಲ ನೋಡು.

ತಿನ್ನೂ ಪದಾರ್ಥ ಬಂದ ಪ್ಲಾಸ್ಟಿಕ್ ಡಬ್ಬಿ ತೊಗೋ. ಒಂದು ಲೀಟರಿನ ಐಸ್‌ಕ್ರೀಮ್ ಡಬ್ಬಿ, ಮೊಸರಿನ ಡಬ್ಬಿ, ಪೇಢೆ ಡಬ್ಬಿ, ಬುಡದಾಗ ತ್ರಿಕೋನದೊಳಗ 5 ಅಂತ ಬರದಿದ್ರ ಭಾಳ ಚೊಲೊ, ತೂತು ಹಾಕುವಾಗ ಸೀಳೂದಿಲ್ಲ. 6 ಅಂತ ಇದ್ದದ್ದು ಪಟ್ಟನ ಒಡೀತೈತಿ, ಬ್ಯಾಡ. ಎತ್ತರ ನಾಕೈದು ಇಂಚು ಸಾಕು, ಅಗಲ ಬೇರು ಒತ್ತದಂಗ ಇರಲಿ, ಸುತ್ತ ಒಂದು ಬಟ್ಟಿನ ಗೋಲಿ ಹಿಡಿಯೂವಷ್ಟು. ಗೋಲಿ ನೀರನ್ನ ದೀಪದ ಬತ್ತಿ ಎಣ್ಣಿ ಏರಿಸಿದಂಗ ಏರಸತೈತಿ, ಆದರ ಭಾಳ ಮ್ಯಾಲ ಒಯ್ಯೂದಿಲ್ಲ. ನಿಮ್ಮ ವಿಜಾಪುರದ ಒಣ ಗಾಳಿಗೆ ಎತ್ತರದ ಡಬ್ಬಿಯೊಳಗ ಮ್ಯಾಲಿನ ಬೇರು ಒಣಗಿ ನಿಂದ್ರತಾವ. ಅದಕ್ಕ ಗಿಡ್ಡ, ಅಗಲ.

ಬುಡಕ್ಕ ತೂತು ಹಾಕಬ್ಯಾಡ. ಬುಡದಿಂದ ಒಂದು ಇಂಚು ಮ್ಯಾಲ, ಬಾಜೂಕ, ಎರಡು ಮೂರು ತೂತು, ಎಲ್ಲಾ ಒಂದೇ ಮಟ್ಟಕ್ಕ, ಪೆನ್ಸಿಲ್ ತೂರೂವಷ್ಟು ಸಾಕು. ಗೋಲಿ ಅದರಾಗಿಂದ ಉದುರಬಾರದು. ಡ್ರಿಲ್ ಇದ್ದರ ಡ್ರಿಲ್, ಇಲ್ಲಂದ್ರ ಮೊಳಿ ಕಾಸಿ ಹಾಕು, ಹೊರಗ ಗಾಳ್ಯಾಗ ಕುಂತು ಹಾಕು, ಆ ಹೊಗಿ ಕುಡೀಬ್ಯಾಡ. ತೂತಿನ ಕೆಳಗ ನಿಂತ ಒಂದು ಇಂಚು ನೀರs ಗಿಡದ ಬಾವಿ, ಮ್ಯಾಲ ಹೆಚ್ಚಾದದ್ದು ತಾನs ಹರದು ಹೋಗತೈತಿ.

ಡಬ್ಬಿ ಪಾರದರ್ಶಕ ಇದ್ದರ ಬೇರೂ ಕಾಣತಾವ, ನೀರಿನ ಮಟ್ಟಾನೂ ಕಾಣತೈತಿ, ಆದರ ಬಿಸಲಿಗೆ ಪಾಚಿ ಕಟ್ಟತೈತಿ. ಅದನ್ನ ಇನ್ನೊಂದು ದೊಡ್ಡ ಡಬ್ಬಿಯೊಳಗ ಇಳಸಿ ಇಡು. ತಾಮ್ರದ ತಂಬಿಗಿ, ಜಿಂಕ್ ಶೀಟಿನ ಬಕೀಟು ಬ್ಯಾಡ, ಆ ಲೋಹ ನೀರಿಗೆ ಇಳದು ಬೇರು ಸುಡತೈತಿ. ಕುಂಬಾರ ಮಣ್ಣಿಂದೂ ಬ್ಯಾಡ, ನೀರು ಗ್ವಾಡಿಯಿಂದ ಜಿನುಗಿ ಹೋಗಿ ಬಿಳೇ ಉಪ್ಪು ಕಟ್ಟತೈತಿ.

ಗೋಲಿ ಧೂಳು ಹೋಗೂ ಮಟಾ ತೊಳದು ಒಂದು ಹಗಲಿ ರಾತ್ರಿ ನೆನಸಿಡು. ಬೋರಿನ ಸವಳು ನೀರು ಬ್ಯಾಡ, ಮಳಿನೀರು ಅಥವಾ ಆರ್‌ಒ ಸೋಸಿದ ನೀರು ಹಾಕು, ಆರ್‌ಒ ಹೊರಗ ಬಿಡೂ ನೀರಲ್ಲ ಮತ್ತ. ನೀರು ಹಾಕುವಾಗ ಡಬ್ಬಿ ತುಂಬೂವಷ್ಟು ಹಾಕಿ ತೂತಿನಿಂದ ಹರೀಲಿ, ಹಳೇ ಉಪ್ಪು ತೊಳದು ಹೋಗಲಿ. ಗೊಬ್ಬರ ಚೀಟಿಯೊಳಗ ಬರದದ್ದರ ಕಾಲಭಾಗ ಸಾಕು.

ಕರ್ರನ ಬೇರು ಮೆತ್ತಗಾಗಿದ್ರ ಕತ್ತರಿ ಬೆಂಕಿಗೆ ಹಿಡದು ಕತ್ತರಿಸಿ ತಗಿ. ಬುಡದಾಗ ಹೊಸಾ ಹಸರು ಬೇರಿನ ತುದಿ ಒಡದಿದ್ರ ಈಗs ಬದಲಿ ಮಾಡು, ಹೊಸಾ ಬೇರು ಗೋಲಿಯೊಳಗs ಹುಟ್ಟಿ ಅದಕ್ಕ ಹೊಂದಕೋತಾವ. ಒಡದಿಲ್ಲಂದ್ರ ನಿಂದ್ರು. ಇವತ್ತು ಸಂಜಿಗೆ ಗಿಡದ ಬುಡದ ಫೋಟೋ ತಗದು ಹಾಕು, ನಾ ನೋಡಿ ಹೇಳತೀನಿ. ಆ ಬಿಳಿ ಕ್ಯಾನಿಗೆ ನಾಕು ಕಡೆ ಮೊಳಿ ಬಡದು ತೂತು ಮಾಡಿಸಿ ಹುಗಸು, ಯಾರೂ ಎತ್ತಿಕೊಂಡು ಹೋಗಿ ನೀರು ತುಂಬಬಾರದು.